ಕೆನಡಾದ ಮೂಲನಿವಾಸಿ ಗಂಡಸರು ಮತ್ತು ಗಂಡುಮಕ್ಕಳ ಮೇಲಿನ ಹಿಂಸೆ: ಮುಖ್ಯಾಂಶಗಳು

ಅಂತರರಾಷ್ಟ್ರೀಯ ವಿದ್ಯಮಾನ, ಮಾನವ ಹಕ್ಕು, ಸಮಾಜಶಾಸ್ತ್ರ ಪತ್ರಿಕೆಗಳಲ್ಲಿ ಕೆನಡಾದ ಮೂಲನಿವಾಸಿಗಳ ಬಗ್ಗೆ ಪ್ರಶ್ನೆ ಬಂದಾಗ ಅಭ್ಯರ್ಥಿಗಳು ಸಾಮಾನ್ಯವಾಗಿ ಎರಡು ವಿಷಯ ಬರೆಯುತ್ತಾರೆ: ವಸತಿ ಶಾಲೆಗಳು, ಕಾಣೆಯಾದ ಹಾಗೂ ಕೊಲೆಯಾದ ಮಹಿಳೆಯರು. ಎರಡೂ ಸರಿ. ಆದರೆ ಅಲ್ಲಿ ಕೊಲೆಯಾಗುವ ಮೂಲನಿವಾಸಿಗಳಲ್ಲಿ ಬಹುಪಾಲು ಗಂಡಸರು ಎಂಬ ಸಂಗತಿ ಹೆಚ್ಚಿನ ಉತ್ತರಗಳಲ್ಲಿ ಬರುವುದೇ ಇಲ್ಲ. ಹೆಚ್ಚಿನ ಪಠ್ಯಗಳಲ್ಲೂ ಇಲ್ಲ. ಮುಂದಿನ ಪ್ರಕರಣಗಳನ್ನು ಓದುವಾಗ ಒಂದು ಅಂಶದ ಮೇಲೆ ಕಣ್ಣಿಡಿ: ಮೂಲನಿವಾಸಿ ಹುಡುಗನೊಬ್ಬ ಸತ್ತಾಗ ಪೊಲೀಸ್ ಕಡತ ಎಷ್ಟು ದಿನ ತೆರೆದಿತ್ತು? ಈ ವಿಷಯದ ತಿರುಳು ಇರುವುದು ಅಲ್ಲೇ.

ಯಾರು, ಎಷ್ಟು

ಕೆನಡಾದ ಸಂವಿಧಾನ ಮೂರು ಮೂಲನಿವಾಸಿ ಗುಂಪುಗಳನ್ನು ಗುರುತಿಸುತ್ತದೆ: ಫಸ್ಟ್ ನೇಷನ್ಸ್, ಇನ್ಯೂಯಿಟ್ ಮತ್ತು ಮೇಟಿ. 2021ರ ಜನಗಣತಿಯ ಪ್ರಕಾರ ಇವರು ಸುಮಾರು 18 ಲಕ್ಷ, ಅಂದರೆ ದೇಶದ ಜನಸಂಖ್ಯೆಯ ಶೇ. 5.

ಕೊಲೆಯಾದವರ ಮೂಲನಿವಾಸಿ ಗುರುತನ್ನು ಕೆನಡಾದ ಅಂಕಿಅಂಶ ಇಲಾಖೆ ಪೂರ್ಣವಾಗಿ ದಾಖಲಿಸಿ ಪ್ರಕಟಿಸಿದ ಮೊದಲ ವರ್ಷ 2014. ಆ ವರ್ಷ ಕೊಲೆಯಾದವರಲ್ಲಿ ಶೇ. 23ರಷ್ಟು ಮೂಲನಿವಾಸಿಗಳು. ಪ್ರತಿ ಒಂದು ಲಕ್ಷ ಜನಕ್ಕೆ ಲೆಕ್ಕ ಹಾಕಿದರೆ ಮೂಲನಿವಾಸಿ ಗಂಡಸರಲ್ಲಿ ಕೊಲೆಯ ದರ 10.86, ಮೂಲನಿವಾಸಿ ಮಹಿಳೆಯರಲ್ಲಿ 3.64, ಇತರ ಗಂಡಸರಲ್ಲಿ 1.61. ಅಂದರೆ ಮೂಲನಿವಾಸಿ ಗಂಡಸು ಕೊಲೆಯಾಗುವ ಸಂಭವ ದೇಶದ ಇತರ ಗಂಡಸರಿಗಿಂತ ಸುಮಾರು ಏಳು ಪಟ್ಟು, ತನ್ನದೇ ಸಮುದಾಯದ ಹೆಂಗಸರಿಗಿಂತ ಮೂರು ಪಟ್ಟು. ಈ ಮೂರು ಅಂಕಿಗಳನ್ನು ಕಂಠಪಾಠ ಮಾಡಿಕೊಳ್ಳಿ. ಮುಂದೆಯೂ ಚಿತ್ರ ಬದಲಾಗಲಿಲ್ಲ. 2022ರಲ್ಲಿ ಕೆನಡಾದಲ್ಲಿ ಕೊಲೆಯಾದ 874 ಜನರಲ್ಲಿ 225 ಮಂದಿ ಮೂಲನಿವಾಸಿಗಳು.

ಕೊಲೆ ಪ್ರಮಾಣ ಹೆಚ್ಚಿರುವುದು ಹುಲ್ಲುಗಾವಲು ಪ್ರಾಂತ್ಯಗಳಾದ ಮ್ಯಾನಿಟೋಬಾ, ಸಸ್ಕ್ಯಾಚೆವಾನ್, ಆಲ್ಬರ್ಟಾಗಳಲ್ಲಿ. ಕೊಲೆಗಾರರು ಬಹುತೇಕ ಪರಿಚಿತರೇ; ಅವರಲ್ಲಿ ಅದೇ ಸಮುದಾಯದವರೂ ಇದ್ದಾರೆ. ಇದನ್ನು ಮುಚ್ಚಿಡಬೇಕಾಗಿಲ್ಲ. ಎಲ್ಲ ಸಾವುಗಳಿಗೂ ಪೊಲೀಸರೇ ಹೊಣೆ ಎಂದು ಬರೆದರೆ ಉತ್ತರ ತಪ್ಪಾಗುತ್ತದೆ. ಆದರೆ ಒಂದು ಸಮುದಾಯದ ಗಂಡಸರು ತಲೆಮಾರುಗಳಿಂದ ಇಷ್ಟು ಹಿಂಸೆಯ ನಡುವೆ ಬದುಕುವಂತೆ ಮಾಡಿದ್ದು ಯಾವುದು, ಅವರು ಸತ್ತಾಗ ರಾಜ್ಯ ಹೇಗೆ ನಡೆದುಕೊಂಡಿತು ಎಂಬ ಪ್ರಶ್ನೆಗಳಿಗೆ ಈ ಅಂಶದಿಂದ ಉತ್ತರ ಸಿಗುವುದಿಲ್ಲ.

ರಾಷ್ಟ್ರೀಯ ವಿಚಾರಣೆ: ಗಂಡಸರು ಏಕಿಲ್ಲ?

ಕಾಣೆಯಾದ ಮತ್ತು ಕೊಲೆಯಾದ ಮೂಲನಿವಾಸಿ ಮಹಿಳೆಯರು ಹಾಗೂ ಬಾಲಕಿಯರ ಕುರಿತ ರಾಷ್ಟ್ರೀಯ ವಿಚಾರಣೆಯನ್ನು ಡಿಸೆಂಬರ್ 2015ರಲ್ಲಿ ಘೋಷಿಸಲಾಯಿತು, 2016ರಲ್ಲಿ ಅದು ಕೆಲಸ ಆರಂಭಿಸಿತು. ಮುಖ್ಯ ಆಯುಕ್ತೆ ಮೇರಿಯನ್ ಬುಲ್ಲರ್. ಅಂತಿಮ ವರದಿ ಸಲ್ಲಿಕೆಯಾದದ್ದು 3 ಜೂನ್ 2019ರಂದು, ಅದರಲ್ಲಿ ನ್ಯಾಯಕ್ಕಾಗಿ 231 ಕರೆಗಳು. ಗಂಡಸರನ್ನೂ ಸೇರಿಸಿ ಎಂಬ ಬೇಡಿಕೆ ಸಮುದಾಯದ ಒಳಗಿಂದಲೇ ಎದ್ದಿತ್ತು. ಆದರೂ ವಿಚಾರಣೆಯ ವ್ಯಾಪ್ತಿಗೆ ಅವರು ಬರಲಿಲ್ಲ.

ಇಲ್ಲಿ ಅಭ್ಯರ್ಥಿಗಳು ಎಡವುವ ಸಾಧ್ಯತೆ ಇದೆ. ಮಹಿಳೆಯರ ವಿಚಾರಣೆ ಸರ್ಕಾರ ತಾನಾಗಿ ಕೊಟ್ಟ ವರವಲ್ಲ. ಕೆನಡಾದ ಮೂಲನಿವಾಸಿ ಮಹಿಳಾ ಸಂಘಟನೆ ವರ್ಷಗಟ್ಟಲೆ ಕುಟುಂಬಗಳ ಜೊತೆ ಕೂತು, ಹೆಸರು ಹೆಸರು ಹೆಕ್ಕಿ, 2010ರ ಹೊತ್ತಿಗೆ 582 ಪ್ರಕರಣಗಳ ಪಟ್ಟಿ ತಯಾರಿಸಿತು. ಪೊಲೀಸರು 2014ರಲ್ಲಿ ತಾವೇ ಎಣಿಸಿದಾಗ 1980ರಿಂದ 2012ರವರೆಗಿನ ಸಂಖ್ಯೆ 1,181ಕ್ಕೆ ಏರಿತು. ಗಂಡಸರ ಪರವಾಗಿ ಅಂಥ ತಾಳ್ಮೆಯ ರಾಷ್ಟ್ರೀಯ ಲೆಕ್ಕ ನಡೆಯಲಿಲ್ಲ. ಅಕ್ಕತಂಗಿಯರ ವಿಚಾರಣೆಯಿಂದ ಅಣ್ಣತಮ್ಮಂದಿರಿಗೆ ಅನ್ಯಾಯವಾಯಿತು ಎಂಬ ವಾದ ನನಗೆ ಒಪ್ಪಿಗೆಯಿಲ್ಲ. ಮಗಳನ್ನು ಕಳೆದುಕೊಂಡ ಮನೆಯಲ್ಲೇ ಮಗನನ್ನೂ ಕಳೆದುಕೊಂಡ ತಾಯಂದಿರಿದ್ದಾರೆ, ಅವರಿಗೆ ಈ ಎರಡು ಪಟ್ಟಿಗಳು ಬೇರೆಯಲ್ಲ.

ಕೌವೆಸೆಸ್ ಫಸ್ಟ್ ನೇಷನ್‌ನ ವಿದ್ವಾಂಸ ರಾಬರ್ಟ್ ಅಲೆಕ್ಸಾಂಡರ್ ಇನ್ನೆಸ್, ಕಿಮ್ ಆಂಡರ್ಸನ್ ಜೊತೆ ಸಂಪಾದಿಸಿದ, ಮೂಲನಿವಾಸಿ ಗಂಡಸರು ಮತ್ತು ಪುರುಷತ್ವದ ಕುರಿತ ಸಂಪುಟ 2015ರಲ್ಲಿ ಬಂತು. ಈ ಚರ್ಚೆಗೆ ಶೈಕ್ಷಣಿಕ ನೆಲೆ ಕೊಟ್ಟ ಕೃತಿಗಳಲ್ಲಿ ಅದೂ ಒಂದು.

ಸಸ್ಕಟೂನ್: ಹಿಮದಲ್ಲಿ ಬಿಟ್ಟುಬಂದವರು

ಈ ಟಿಪ್ಪಣಿಯಲ್ಲಿ ಒಂದೇ ಪ್ರಕರಣ ಓದಲು ಸಮಯವಿದ್ದರೆ ಇದನ್ನೇ ಓದಿ.

ಸಸ್ಕ್ಯಾಚೆವಾನ್ ಪ್ರಾಂತ್ಯದ ಸಸ್ಕಟೂನ್ ನಗರದಲ್ಲಿ ಪೊಲೀಸರು ಮೂಲನಿವಾಸಿಗಳನ್ನು ಚಳಿಗಾಲದ ರಾತ್ರಿ ಕಾರಿನಲ್ಲಿ ಕೂರಿಸಿ ಊರಾಚೆ ಒಯ್ದು ಇಳಿಸಿಬರುತ್ತಾರೆ ಎಂಬ ಮಾತು ಸಮುದಾಯದಲ್ಲಿ ಬಹುಕಾಲದಿಂದ ಇತ್ತು. ಜನ ಅದನ್ನು ‘ಸ್ಟಾರ್‌ಲೈಟ್ ಟೂರ್’ ಎನ್ನುತ್ತಿದ್ದರು. ನವೆಂಬರ್ 1990ರಲ್ಲಿ ಸೋಟೋ ಸಮುದಾಯದ 17 ವರ್ಷದ ಹುಡುಗ ನೀಲ್ ಸ್ಟೋನ್‌ಚೈಲ್ಡ್ ಕಾಣೆಯಾದ. ಆ ರಾತ್ರಿ ತಾಪಮಾನ ಶೂನ್ಯಕ್ಕಿಂತ 28 ಡಿಗ್ರಿ ಕೆಳಗಿತ್ತು. ನವೆಂಬರ್ 29ರಂದು ಊರಂಚಿನ ಬಯಲಿನಲ್ಲಿ ಅವನ ಹೆಪ್ಪುಗಟ್ಟಿದ ದೇಹ ಸಿಕ್ಕಿತು. ಪೊಲೀಸ್ ಕಾರಿನ ಹಿಂಬದಿಯಲ್ಲಿ ನೀಲ್ ರಕ್ತ ಸುರಿಸುತ್ತಾ ಸಹಾಯಕ್ಕೆ ಕೂಗುತ್ತಿದ್ದುದನ್ನು ಕಂಡೆ ಎಂದು ಅವನ ಗೆಳೆಯ ಹೇಳಿದ. ಡಿಸೆಂಬರ್ 5ಕ್ಕೆ, ಅಂದರೆ ದೇಹ ಸಿಕ್ಕಿ ಒಂದು ವಾರವೂ ಆಗುವ ಮೊದಲು, ಕಡತ ಮುಚ್ಚಲಾಯಿತು.

ಒಂಬತ್ತು ವರ್ಷದ ನಂತರ, 28 ಜನವರಿ 2000ರಂದು, ಡ್ಯಾರೆಲ್ ನೈಟ್ ಎಂಬ ಕ್ರೀ ಸಮುದಾಯದ ವ್ಯಕ್ತಿಯನ್ನು ಇಬ್ಬರು ಪೊಲೀಸರು ಕ್ವೀನ್ ಎಲಿಜಬೆತ್ ವಿದ್ಯುತ್ ಸ್ಥಾವರದ ಬಳಿ ಇಳಿಸಿ ಹೋದರು. ನೈಟ್ ಸ್ಥಾವರದ ಬಾಗಿಲು ಬಡಿದ, ಕಾವಲುಗಾರ ತೆರೆದ, ಜೀವ ಉಳಿಯಿತು. ಮರುದಿನವೇ ಅದೇ ಪ್ರದೇಶದಲ್ಲಿ ರಾಡ್ನಿ ನೈಸ್ಟಸ್ ಎಂಬಾತನ ದೇಹ, ಫೆಬ್ರವರಿ 3ರಂದು ಲಾರೆನ್ಸ್ ವೆಗ್ನರ್ ಎಂಬಾತನ ದೇಹ ಸಿಕ್ಕವು. ಇಬ್ಬರೂ ಹಿಮಕ್ಕೆ ಸಿಕ್ಕಿ ಸತ್ತಿದ್ದರು. ನೈಟ್ ಬದುಕಿ ಬಂದು ದೂರು ಕೊಟ್ಟದ್ದರಿಂದಲೇ ಹಳೆಯ ಮಾತು ಸಾಕ್ಷ್ಯವಾಯಿತು. ನೈಟ್‌ನನ್ನು ಇಳಿಸಿದ ಪೊಲೀಸರಿಬ್ಬರಿಗೆ 2001ರಲ್ಲಿ ಅಕ್ರಮ ಬಂಧನದ ಅಪರಾಧಕ್ಕೆ ಎಂಟು ತಿಂಗಳ ಶಿಕ್ಷೆಯಾಯಿತು.

ಸ್ಟೋನ್‌ಚೈಲ್ಡ್ ಸಾವಿನ ವಿಚಾರಣೆ ನಡೆಸಿದವರು ನ್ಯಾಯಮೂರ್ತಿ ಡೇವಿಡ್ ರೈಟ್. ವರದಿ ಅಕ್ಟೋಬರ್ 2004. ಹುಡುಗ ಆ ರಾತ್ರಿ ಇಬ್ಬರು ಕಾನ್ಸ್‌ಟೇಬಲ್‌ಗಳ ವಶದಲ್ಲಿದ್ದ, ಮೈಮೇಲಿನ ಗುರುತುಗಳು ಕೈಕೋಳದಿಂದಾಗಿರಬಹುದು, 1990ರ ತನಿಖೆ ಮೇಲುಮೇಲಿನದ್ದು ಎಂದು ವರದಿ ಹೇಳಿತು. ಇಬ್ಬರೂ ಕೆಲಸ ಕಳೆದುಕೊಂಡರು. ಸಾವಿಗೆ ಸಂಬಂಧಿಸಿ ಯಾರ ಮೇಲೂ ಮೊಕದ್ದಮೆ ಹೂಡಲಿಲ್ಲ. ಇನ್ನೊಂದು ಸಂಗತಿಯನ್ನು ಪರೀಕ್ಷೆಯಲ್ಲಿ ಕೇಳದಿದ್ದರೂ ತಿಳಿದಿರಬೇಕು. ಮೂಲ ಕಡತ ನಾಶವಾಗಿತ್ತು. ಅದೇ ಪಡೆಯಲ್ಲಿದ್ದ ಕ್ರೀ ಸಮುದಾಯದ ಕಾನ್ಸ್‌ಟೇಬಲ್ ಅರ್ನಿ ಲೌಟಿಟ್ ತನಿಖೆ ಸರಿಯಾಗಿಲ್ಲವೆಂದು ಅನಿಸಿ ಅದರ ಪ್ರತಿ ಮಾಡಿಸಿ ಇಟ್ಟುಕೊಂಡಿದ್ದರು. ವಿಚಾರಣೆಗೆ ಆಧಾರವಾದದ್ದು ಆ ಪ್ರತಿ.

ಈ ವಿಷಯದ ಸಾಕ್ಷ್ಯಚಿತ್ರ: ತಾಶಾ ಹಬ್ಬರ್ಡ್ ನಿರ್ದೇಶನದ ‘ಟೂ ವರ್ಲ್ಡ್ಸ್ ಕೊಲೈಡಿಂಗ್’, 2004.

ಥಂಡರ್ ಬೇ: ಓದಲು ಹೋದ ಮಕ್ಕಳು

ಉತ್ತರ ಒಂಟಾರಿಯೊದ ದೂರದ ಹಲವು ಫಸ್ಟ್ ನೇಷನ್ ಊರುಗಳಲ್ಲಿ ಪ್ರೌಢಶಾಲೆ ಇಲ್ಲ. ಹೈಸ್ಕೂಲು ಓದಬೇಕೆಂದರೆ ಹದಿನಾಲ್ಕು, ಹದಿನೈದರ ಮಕ್ಕಳು ವಿಮಾನ ಹತ್ತಿ ನೂರಾರು ಕಿಲೋಮೀಟರ್ ದೂರದ ಥಂಡರ್ ಬೇ ನಗರಕ್ಕೆ ಬಂದು ಅಪರಿಚಿತರ ಮನೆಯಲ್ಲಿ ಉಳಿಯಬೇಕು. ಹೀಗೆ ಬಂದವರಲ್ಲಿ 2000ದಿಂದ 2011ರೊಳಗೆ ಏಳು ಮಂದಿ ಸತ್ತರು. ಆರು ಮಂದಿ ಹುಡುಗರು, ಒಬ್ಬಳು ಹುಡುಗಿ: ಜೆತ್ರೋ ಆಂಡರ್ಸನ್, ಕರನ್ ಸ್ಟ್ರ್ಯಾಂಗ್, ಪಾಲ್ ಪನಾಚೀಸ್, ರಾಬಿನ್ ಹಾರ್ಪರ್, ರೆಜಿ ಬುಶಿ, ಕೈಲ್ ಮೊರಿಸೊ, ಜೋರ್ಡನ್ ವಬಾಸೆ. ಐದು ಹುಡುಗರ ದೇಹ ಸಿಕ್ಕಿದ್ದು ನಗರದ ನದಿಗಳಲ್ಲಿ. ಕೈಲ್ ಪ್ರಸಿದ್ಧ ಅನಿಶಿನಾಬೆ ಚಿತ್ರಕಾರ ನಾರ್ವಲ್ ಮೊರಿಸೊ ಅವರ ಮೊಮ್ಮಗ.

ಏಳೂ ಸಾವುಗಳ ಬಗ್ಗೆ ಒಟ್ಟಿಗೆ ಸಾರ್ವಜನಿಕ ವಿಚಾರಣೆ ಆರಂಭವಾದದ್ದು ಅಕ್ಟೋಬರ್ 2015ರಲ್ಲಿ. ಜೂನ್ 2016ರಲ್ಲಿ ತೀರ್ಪುಗಾರರು ಮೂರು ಸಾವುಗಳನ್ನು ಆಕಸ್ಮಿಕ ಎಂದರು, ನಾಲ್ಕರ ಸ್ವರೂಪ ನಿರ್ಧರಿಸಲಾಗದು ಎಂದರು, 145 ಶಿಫಾರಸು ಕೊಟ್ಟರು. ನಿರ್ಧರಿಸಲಾಗದು ಎಂದರೆ ಕೊಲೆ ಎಂದಲ್ಲ. ಏನಾಯಿತೆಂದು ಹೇಳಲು ಬೇಕಾದಷ್ಟು ಸಾಕ್ಷ್ಯ ಇರಲಿಲ್ಲ ಎಂದರ್ಥ. ಆ ಸಾಕ್ಷ್ಯ ಕಲೆಹಾಕಬೇಕಿದ್ದ ಮೊದಲ ದಿನಗಳು ಕೈಜಾರಿದ್ದವು ಎಂಬುದೇ ಕುಟುಂಬಗಳ ಕೊರಗು. ತನ್ಯಾ ತಲಾಗಾ ಅವರ ‘ಸೆವೆನ್ ಫಾಲನ್ ಫೆದರ್ಸ್’, 2017, ಈ ಮಕ್ಕಳ ಕುರಿತ ಪುಸ್ತಕ.

ಮಕ್ಕಳ ಜೊತೆಗೆ ವಯಸ್ಕರೂ ಇದ್ದಾರೆ. ಅಕ್ಟೋಬರ್ 2015ರಲ್ಲಿ ಸ್ಟೇಸಿ ಡಿಬಂಗಿ ಎಂಬ ವ್ಯಕ್ತಿಯ ದೇಹ ಮ್ಯಾಕಿಂಟೈರ್ ನದಿಯಲ್ಲಿ ಸಿಕ್ಕಿತು. ಸಾವು ಸಂಶಯಾಸ್ಪದವಲ್ಲ ಎಂದು ಪೊಲೀಸರು 24 ಗಂಟೆಯೊಳಗೆ ಪ್ರಕಟಿಸಿಬಿಟ್ಟರು. ಕುಟುಂಬ ಖಾಸಗಿ ಪತ್ತೇದಾರರನ್ನು ಗೊತ್ತುಮಾಡಿತು. ಸತ್ತವರ ಬ್ಯಾಂಕ್ ಕಾರ್ಡ್ ಅವರ ಸಾವಿನ ನಂತರವೂ ಬಳಕೆಯಾಗಿದ್ದುದು ಆಗ ಹೊರಬಿತ್ತು. ಕುಟುಂಬದ ದೂರಿನ ಬೆನ್ನಿಗೆ ಒಂಟಾರಿಯೊದ ಸ್ವತಂತ್ರ ಪೊಲೀಸ್ ಪರಿಶೀಲನಾ ಸಂಸ್ಥೆ ನಡೆಸಿದ ತಪಾಸಣೆಯ ವರದಿ ‘ಬ್ರೋಕನ್ ಟ್ರಸ್ಟ್’, ಡಿಸೆಂಬರ್ 2018. ಥಂಡರ್ ಬೇ ಪೊಲೀಸ್ ವ್ಯವಸ್ಥೆಯಲ್ಲಿ ಸಾಂಸ್ಥಿಕ ಜನಾಂಗಭೇದ ಇದೆ ಎಂದು ಅದು ನೇರವಾಗಿ ಹೇಳಿತು. ಒಂಬತ್ತು ಸಾವುಗಳ ಮರುತನಿಖೆಗೆ ಶಿಫಾರಸು ಮಾಡಿತು.

ಕೋಲ್ಟನ್ ಬುಶಿ, 9 ಆಗಸ್ಟ್ 2016

ಆಗಸ್ಟ್ 9 ವಿಶ್ವ ಮೂಲನಿವಾಸಿಗಳ ಅಂತರರಾಷ್ಟ್ರೀಯ ದಿನ. 2016ರ ಆ ದಿನ ರೆಡ್ ಫೆಸೆಂಟ್ ಫಸ್ಟ್ ನೇಷನ್‌ನ 22 ವರ್ಷದ ಕ್ರೀ ತರುಣ ಕೋಲ್ಟನ್ ಬುಶಿ ಸಸ್ಕ್ಯಾಚೆವಾನ್‌ನ ಬಿಗ್ಗರ್ ಸಮೀಪದ ಹೊಲಮನೆಯೊಂದರಲ್ಲಿ ಗುಂಡಿಗೆ ಬಲಿಯಾದ. ಗೆಳೆಯರೊಂದಿಗೆ ಬಂದಿದ್ದ ಕಾರಿನ ಟೈರ್ ಪಂಕ್ಚರ್ ಆಗಿತ್ತು. ಗುಂಡು ತಲೆಯ ಹಿಂಬದಿಗೆ ಬಿದ್ದಿತ್ತು. ಕೊಲೆ ಆರೋಪ ಎದುರಿಸಿದ ಆ ಹೊಲಮನೆಯ ರೈತ ಜೆರಾಲ್ಡ್ ಸ್ಟ್ಯಾನ್ಲಿ, ಪಿಸ್ತೂಲಿನಿಂದ ಗುಂಡು ತಡವಾಗಿ, ತಾನಾಗಿಯೇ ಹಾರಿತು ಎಂದು ವಾದಿಸಿದ. 9 ಫೆಬ್ರವರಿ 2018ರಂದು ತೀರ್ಪುಗಾರರ ಮಂಡಳಿ ಅವನನ್ನು ಖುಲಾಸೆ ಮಾಡಿತು.

ಪರೀಕ್ಷೆಗೆ ಮುಖ್ಯವಾದದ್ದು ಮಂಡಳಿಯ ಆಯ್ಕೆ. ಆಗಿನ ಕಾನೂನಿನಂತೆ ವಕೀಲರು ಕಾರಣ ಹೇಳದೆಯೇ ಕೆಲವು ಸದಸ್ಯರನ್ನು ತಿರಸ್ಕರಿಸಬಹುದಿತ್ತು. ನೋಟಕ್ಕೆ ಮೂಲನಿವಾಸಿಗಳೆನಿಸಿದವರನ್ನು ಆರೋಪಿ ಪರ ವಕೀಲರು ತಿರಸ್ಕರಿಸಿದರು ಎಂದು ಕುಟುಂಬ ಆಕ್ಷೇಪಿಸಿತು. ಸಿ-75 ಮಸೂದೆ ಈ ಅಧಿಕಾರವನ್ನು ತೆಗೆದುಹಾಕಿತು, ಸೆಪ್ಟೆಂಬರ್ 2019ರಿಂದ ಜಾರಿ.

ಮಗ ಸತ್ತ ಸುದ್ದಿ ತಿಳಿಸಲು ಬಂದ ಪೊಲೀಸರು ತಾಯಿ ಡೆಬ್ಬಿ ಬ್ಯಾಪ್ಟಿಸ್ಟ್ ಅವರ ಮನೆಯನ್ನು ಸುತ್ತುವರಿದರು, ಒಳಗೆ ಶೋಧಿಸಿದರು, ನೆಲಕ್ಕೆ ಕುಸಿದು ಅಳುತ್ತಿದ್ದ ಆಕೆಯನ್ನು ಕುಡಿದಿದ್ದೀರಾ ಎಂದು ಕೇಳಿದರು. ಇದು ಜನಾಂಗದ ಆಧಾರದ ತಾರತಮ್ಯ ಎಂದು ಪೊಲೀಸ್ ಪಡೆಯ ಮೇಲ್ವಿಚಾರಣಾ ಆಯೋಗ 2021ರಲ್ಲಿ ತೀರ್ಮಾನಿಸಿತು. ತಾಯಿಗೆ ಆ ಮಾತು ಕೇಳಲು ಸುಮಾರು ಐದು ವರ್ಷ ಬೇಕಾಯಿತು.

ಇನ್ನಷ್ಟು ಪ್ರಕರಣಗಳು

ಡೊನಾಲ್ಡ್ ಮಾರ್ಷಲ್ ಜೂನಿಯರ್, ಮಿಗ್‌ಮಾ ಸಮುದಾಯ, ನೋವಾ ಸ್ಕೋಶಿಯಾ. 1971ರಲ್ಲಿ 17ನೇ ವಯಸ್ಸಿಗೆ ತಾನು ಮಾಡದ ಕೊಲೆಗೆ ಜೀವಾವಧಿ ಶಿಕ್ಷೆ, 11 ವರ್ಷ ಸೆರೆ, 1983ರಲ್ಲಿ ದೋಷಮುಕ್ತಿ. 1999ರಲ್ಲಿ ಮಿಗ್‌ಮಾ ಜನರ ಒಪ್ಪಂದದ ಮೀನುಗಾರಿಕೆ ಹಕ್ಕನ್ನು ಸುಪ್ರೀಂ ಕೋರ್ಟ್ ಎತ್ತಿಹಿಡಿದದ್ದೂ ಇದೇ ಮಾರ್ಷಲ್ ಹೆಸರಿನ ಪ್ರಕರಣದಲ್ಲಿ. ಎರಡು ಪ್ರಕರಣ, ಒಬ್ಬನೇ ವ್ಯಕ್ತಿ.

ಜೆ.ಜೆ. ಹಾರ್ಪರ್, ಮೂಲನಿವಾಸಿ ನಾಯಕ, ವಿನಿಪೆಗ್, ಮಾರ್ಚ್ 1988. ರಸ್ತೆಯಲ್ಲಿ ನಡೆದು ಹೋಗುತ್ತಿದ್ದವರನ್ನು ಪೊಲೀಸ್ ತಡೆದ, ಜಟಾಪಟಿಯಲ್ಲಿ ಗುಂಡು ಹಾರಿ ಹಾರ್ಪರ್ ಸತ್ತರು. ಎರಡು ದಿನ ತುಂಬುವ ಮೊದಲೇ ಇಲಾಖೆ ತನ್ನವನನ್ನು ನಿರ್ದೋಷಿ ಎಂದಿತು. ಇದೂ ಒಂದು ಕಾರಣವಾಗಿ ಬಂದ ಮ್ಯಾನಿಟೋಬಾ ಮೂಲನಿವಾಸಿ ನ್ಯಾಯ ವಿಚಾರಣೆಯ ಇಬ್ಬರು ಆಯುಕ್ತರಲ್ಲಿ ಮರ್ರೆ ಸಿಂಕ್ಲೇರ್ ಒಬ್ಬರು. ಮುಂದೆ ವಸತಿ ಶಾಲೆಗಳ ಕುರಿತ ಸತ್ಯ ಮತ್ತು ಸಾಮರಸ್ಯ ಆಯೋಗದ ಅಧ್ಯಕ್ಷರಾದವರೂ, 2018ರಲ್ಲಿ ಥಂಡರ್ ಬೇ ಪೊಲೀಸ್ ಮಂಡಳಿಯ ಬಗ್ಗೆ ಕಟು ವರದಿ ಬರೆದವರೂ ಇವರೇ. ನಿಧನ ನವೆಂಬರ್ 2024.

ಡಡ್ಲಿ ಜಾರ್ಜ್, 6 ಸೆಪ್ಟೆಂಬರ್ 1995, ಇಪ್ಪರ್‌ವಾಶ್. 1942ರಲ್ಲಿ ಸೇನೆಗೆಂದು ಸರ್ಕಾರ ಕಸಿದುಕೊಂಡ ಸ್ಟೋನಿ ಪಾಯಿಂಟ್ ನೆಲವನ್ನು ವಾಪಸು ಕೇಳಿ ಕೂತ ನಿರಾಯುಧ ಹೋರಾಟಗಾರ. ಒಂಟಾರಿಯೊ ಪೊಲೀಸರ ಗುಂಡಿಗೆ ಬಲಿ. ವಿಚಾರಣಾ ವರದಿ 2007.

ಬ್ರಯಾನ್ ಸಿಂಕ್ಲೇರ್, ವಿನಿಪೆಗ್, ಸೆಪ್ಟೆಂಬರ್ 2008. ಎರಡೂ ಕಾಲು ಕಳೆದುಕೊಂಡಿದ್ದ 45 ವರ್ಷದ ಈ ವ್ಯಕ್ತಿ ಗಾಲಿಕುರ್ಚಿಯಲ್ಲಿ ಆಸ್ಪತ್ರೆಯ ತುರ್ತು ಘಟಕದಲ್ಲಿ 34 ಗಂಟೆ ಕಾದು, ವೈದ್ಯರನ್ನು ಕಾಣದೆಯೇ ಸತ್ತ. ಸಾವಿಗೆ ಕಾರಣ ಗುಣಪಡಿಸಬಹುದಾಗಿದ್ದ ಮೂತ್ರಕೋಶದ ಸೋಂಕು. ಕುಡಿದು ಮಲಗಿದ್ದಾನೆ ಎಂದು ಕೆಲವು ಸಿಬ್ಬಂದಿ ಭಾವಿಸಿದ್ದರು.

ಈ ಹಿಂಸೆಯ ಬೇರು: ವಸತಿ ಶಾಲೆಗಳು

ಸುಮಾರು 1,50,000 ಮೂಲನಿವಾಸಿ ಮಕ್ಕಳು ಸರ್ಕಾರ ಮತ್ತು ಚರ್ಚುಗಳು ನಡೆಸಿದ ವಸತಿ ಶಾಲೆಗಳಲ್ಲಿ ಬೆಳೆದರು. ಕೊನೆಯವು ಮುಚ್ಚಿದ್ದು 1990ರ ದಶಕದಲ್ಲಿ. ಗಂಡುಮಕ್ಕಳ ಮೇಲಿನ ಲೈಂಗಿಕ ದೌರ್ಜನ್ಯ ಇಲ್ಲಿ ಮೊದಲು ದೊಡ್ಡದಾಗಿ ನ್ಯಾಯಾಲಯ ತಲುಪಿದ ಪ್ರಕರಣಗಳಲ್ಲೊಂದು ಬ್ರಿಟಿಷ್ ಕೊಲಂಬಿಯಾದ ಪೋರ್ಟ್ ಆಲ್ಬರ್ನಿ ಶಾಲೆಯದು. ಹಾಸ್ಟೆಲ್ ಮೇಲ್ವಿಚಾರಕ ಆರ್ಥರ್ ಪ್ಲಿಂಟ್‌ಗೆ 1995ರಲ್ಲಿ 11 ವರ್ಷ ಜೈಲು. ಪರಿಹಾರದ ಹೊಣೆ ಸರ್ಕಾರಕ್ಕೂ ಚರ್ಚಿಗೂ ಇದೆ ಎಂದ ಸುಪ್ರೀಂ ಕೋರ್ಟ್ ತೀರ್ಪು ‘ಬ್ಲ್ಯಾಕ್‌ವಾಟರ್ ವಿರುದ್ಧ ಪ್ಲಿಂಟ್’, 2005. ಗಂಡಸಾದವನು ಇಂಥದ್ದನ್ನು ಹೇಳಿಕೊಳ್ಳಬಾರದು ಎಂಬ ನಾಚಿಕೆಯನ್ನು ಮೀರಿ, ನಡುವಯಸ್ಸಿನ ಗಂಡಸರು ಕಟಕಟೆಯಲ್ಲಿ ನಿಂತು ತಮ್ಮ ಬಾಲ್ಯವನ್ನು ಹೇಳಿದ್ದರಿಂದ ಆದ ಕೆಲಸ ಇದು.

ಚೇನಿ ವೆಂಜಾಕ್ ಹೆಸರನ್ನು ಮರೆಯಬೇಡಿ. ಕೆನೊರಾ ಬಳಿಯ ಸಿಸಿಲಿಯಾ ಜೆಫ್ರಿ ಶಾಲೆಯಿಂದ ಅಕ್ಟೋಬರ್ 1966ರಲ್ಲಿ ತಪ್ಪಿಸಿಕೊಂಡ 12 ವರ್ಷದ ಒಜಿಬ್ವೆ ಹುಡುಗ. ಸುಮಾರು 600 ಕಿಲೋಮೀಟರ್ ದೂರದ ಮನೆಗೆ ರೈಲು ಹಳಿ ಹಿಡಿದು ಹೊರಟಿದ್ದ. ತೆಳು ಬಟ್ಟೆಯಲ್ಲಿ, ಹಸಿವು ಮತ್ತು ಚಳಿಯಿಂದ ಹಳಿಯ ಪಕ್ಕದಲ್ಲೇ ಸತ್ತ.

ಕಾಲಾನುಕ್ರಮ: ವಸತಿ ಶಾಲೆಗಳಿಗಾಗಿ ಸರ್ಕಾರದ ಕ್ಷಮೆಯಾಚನೆ 11 ಜೂನ್ 2008, ಸತ್ಯ ಮತ್ತು ಸಾಮರಸ್ಯ ಆಯೋಗ 2008ರಿಂದ 2015, ಅದರ 94 ಕರೆಗಳು, ಸೆಪ್ಟೆಂಬರ್ 30 ಸತ್ಯ ಮತ್ತು ಸಾಮರಸ್ಯದ ರಾಷ್ಟ್ರೀಯ ದಿನವಾದದ್ದು 2021.

ಜೈಲು

ಫೆಡರಲ್ ಜೈಲುಗಳಲ್ಲಿರುವವರಲ್ಲಿ ಸುಮಾರು ಮೂರನೇ ಒಂದು ಭಾಗ ಮೂಲನಿವಾಸಿಗಳು. ಶಿಕ್ಷೆ ವಿಧಿಸುವಾಗ ಅವರ ಹಿನ್ನೆಲೆ ಗಮನಿಸಬೇಕೆನ್ನುವುದು ದಂಡ ಸಂಹಿತೆಯ 718.2(ಇ) ಕಲಮು, ಅದನ್ನು ವ್ಯಾಖ್ಯಾನಿಸಿದ ತೀರ್ಪು ಗ್ಲಾಡ್ಯೂ, 1999. ಇಲ್ಲಿ ಒಂದು ಅನಿಸಿಕೆ: ಮೂಲನಿವಾಸಿ ಗಂಡಸಿನ ಹೆಸರು ಸುದ್ದಿಯಲ್ಲಿ ಬಂದರೆ ಬಹುಪಾಲು ಆರೋಪಿಯಾಗಿಯೇ ಬರುತ್ತದೆ. ಅವನೂ ಹಿಂಸೆಗೆ ಬಲಿಯಾಗುವವನು ಎಂದು ಓದುಗರು ನಂಬಲು ಹಿಂಜರಿಯುವುದಕ್ಕೆ ಇದು ದೊಡ್ಡ ಕಾರಣ.

ಜಾಗೃತಿಯ ಪ್ರಯತ್ನಗಳು

ಮೂಸ್ ಹೈಡ್ ಅಭಿಯಾನ, 2011. ‘ಕಣ್ಣೀರಿನ ಹೆದ್ದಾರಿ’ ಎಂದು ಕರೆಯುವ ಬ್ರಿಟಿಷ್ ಕೊಲಂಬಿಯಾದ ರಸ್ತೆಯ ಬಳಿ ಬೇಟೆಗೆ ಹೋಗಿದ್ದ ಪಾಲ್ ಲಸರ್ಟ್ ಮತ್ತು ಮಗಳು ರೇವನ್ ಆರಂಭಿಸಿದರು. ಮೂಸ್ ಜಿಂಕೆಯ ಹದಮಾಡಿದ ತೊಗಲಿನ ಚಿಕ್ಕ ಚೌಕವನ್ನು ಅಂಗಿಗೆ ಸಿಕ್ಕಿಸಿಕೊಂಡ ಗಂಡಸು, ಹೆಂಗಸರು ಮತ್ತು ಮಕ್ಕಳ ಮೇಲಿನ ಹಿಂಸೆಯ ವಿರುದ್ಧ ನಿಲ್ಲುವ ಮಾತು ಕೊಡುತ್ತಾನೆ. ವಿನಿಪೆಗ್‌ನ ಬೇರ್ ಕ್ಲಾನ್ ಗಸ್ತು 1992ರಲ್ಲಿ ಹುಟ್ಟಿ 2014ರ ನಂತರ ಮರುಜೀವ ಪಡೆಯಿತು; ಸ್ವಯಂಸೇವಕರು ರಾತ್ರಿ ಬೀದಿ ಸುತ್ತುತ್ತಾರೆ. ಮೇ 5 ಕೆಂಪು ಉಡುಪಿನ ದಿನ, ಮಹಿಳೆಯರ ನೆನಪಿಗೆ. ಇತ್ತೀಚೆಗೆ ಹಲವು ಕಡೆ ಕಾಣೆಯಾದ, ಕೊಲೆಯಾದ ‘ಮೂಲನಿವಾಸಿಗಳು’ ಎಂದೇ ಹೇಳಿ ಗಂಡಸರ ಫೋಟೋಗಳನ್ನೂ ಕುಟುಂಬಗಳು ಮೆರವಣಿಗೆಗೆ ಹಿಡಿದು ಬರುತ್ತವೆ.

ಹೋಲಿಕೆಗೆ

ಆಸ್ಟ್ರೇಲಿಯಾ: ವಶದಲ್ಲಿದ್ದಾಗ ಸತ್ತ ಮೂಲನಿವಾಸಿಗಳ ಕುರಿತ ರಾಯಲ್ ಆಯೋಗ, 1987ರಿಂದ 1991, ಪರಿಶೀಲಿಸಿದ ಸಾವು 99, ಅದರಲ್ಲಿ 88 ಗಂಡಸರು, ಶಿಫಾರಸು 339. ಅಮೆರಿಕ: ರಾಷ್ಟ್ರೀಯ ನ್ಯಾಯ ಸಂಸ್ಥೆಯ 2016ರ ವರದಿಯ ಪ್ರಕಾರ ಮೂಲನಿವಾಸಿ ಗಂಡಸರಲ್ಲಿ ಶೇ. 81.6, ಮಹಿಳೆಯರಲ್ಲಿ ಶೇ. 84.3 ಮಂದಿ ಬದುಕಿನಲ್ಲಿ ಒಮ್ಮೆಯಾದರೂ ಹಿಂಸೆ ಅನುಭವಿಸಿದವರು. ವಿಶ್ವಸಂಸ್ಥೆಯ ಮೂಲನಿವಾಸಿ ಹಕ್ಕುಗಳ ಘೋಷಣೆ 13 ಸೆಪ್ಟೆಂಬರ್ 2007. ಭಾರತ ಪರವಾಗಿ, ಕೆನಡಾ, ಅಮೆರಿಕ, ಆಸ್ಟ್ರೇಲಿಯಾ, ನ್ಯೂಜಿಲೆಂಡ್ ವಿರುದ್ಧವಾಗಿ ಮತ ಹಾಕಿದವು. ಕೆನಡಾ ಅದನ್ನು ಜಾರಿಗೆ ತರುವ ಕಾನೂನು ಮಾಡಿದ್ದು ಜೂನ್ 2021ರಲ್ಲಿ.

ಅದೇ ಜೂನ್ 2021ರಲ್ಲಿ ಕೆನಡಾದ ಪೌರತ್ವ ಪ್ರಮಾಣವಚನವೂ ಬದಲಾಯಿತು. ಸತ್ಯ ಮತ್ತು ಸಾಮರಸ್ಯ ಆಯೋಗದ 94ನೇ ಕರೆಯಂತೆ, ಫಸ್ಟ್ ನೇಷನ್ಸ್, ಇನ್ಯೂಯಿಟ್ ಮತ್ತು ಮೇಟಿ ಜನರ ಹಕ್ಕುಗಳನ್ನು ಗೌರವಿಸುವ ಮಾತು ಅದಕ್ಕೆ ಸೇರಿತು. ಟೊರಾಂಟೊ, ಕ್ಯಾಲ್ಗರಿ, ವಿನಿಪೆಗ್‌ಗಳಲ್ಲಿ ನೆಲೆಸಿ ಪೌರತ್ವ ಪಡೆಯುವ ನಮ್ಮ ಕನ್ನಡಿಗರೂ ಈಗ ಕೈಯೆತ್ತಿ ಹೇಳುವುದು ಆ ವಚನವನ್ನೇ. ಹೊಸದಾಗಿ ಬಂದವರಿಗೆ ವಸತಿ ಶಾಲೆಗಳ ಮತ್ತು ಒಪ್ಪಂದಗಳ ಇತಿಹಾಸವನ್ನು ಕಲಿಸಬೇಕೆನ್ನುವುದು ಅದರ ಹಿಂದಿನ, 93ನೇ ಕರೆ.